ಹೊರ್ತಿ ಕುಸ್ತಿಯ ದನಿ

ಕುಸ್ತಿ ಕಣದಾಗ ಮೈಕ್ ನನ್ನ ಕೈಗೆ ಬಂತಂದ್ರ ಊರ ನಾಯಿ ಸುದ್ದಾ ಸುಮ್ಮನಾಗ್ತಿದ್ವು. ಗಂಟಲು ಕೆಟ್ಟ ಮ್ಯಾಲ ಅದೆಲ್ಲಾ ಬಿಟ್ಟೆ.

ಒಮ್ಮಿ ನಿಡಗುಂದಿ ಚಾ ಅಂಗಡ್ಯಾಗ ಬಸ್ಸಿನ ದಾರಿ ಕಾಯಕೋತ ಕುಂತಿದ್ದೆ. ಬಾಜೂಕ ಇಬ್ರು ಹೊರ್ತಿಯ ಹಳೀ ಕುಸ್ತಿ ಮಾತಾಡಾಕತ್ತಿದ್ರು. ಒಬ್ಬಾಂವ ಟಾವೆಲ್ ಕೊಡವಿ ಎದ್ದು ನಿಂತು, ಆವತ್ತಿನ ಮೈಕಿನವನಂಗ ಕೂಗಿದ: "ಮಣ್ಣು ಕೇಳಾಕತ್ತೈತ್ರೀ, ಯಾರ ಬೆನ್ನು ಕೊಡ್ತೀರಿ ಅಂತ!"

ಅದು ನನ್ನ ಮಾತು.

"ಏ ತಮ್ಮಾ, ಅದನ್ನ ಅಂದಾಂವ ನಾನಪಾ!"

"ಹಂಗಾರ ಅಂದು ತೋರಸ್ರಿ ಮುತ್ಯಾ."

ಅಂದೆ. ಹರದ ಹಲಿಗಿ ಬಡದಂಗಾತು. ಇಬ್ರೂ ಬಿದ್ದು ಬಿದ್ದು ನಕ್ರು. "ಮುತ್ಯಾ, ಆ ದನಿ ಗುಡುಗಿದಂಗಿತ್ರಿ. ನಿಮ್ದು ಆಡು ಕೆಮ್ಮಿದಂಗ ಐತಿ."

ಸಿಟ್ಟು ಬಂತು. ಆದ್ರ ಸಿಟ್ಟಿಗಿಂತ ಆಸೆ ದೊಡ್ಡದು ನೋಡ್ರಿ. "ಆತಪಾ, ನಾನಲ್ಲ. ಇನ್ನೊಮ್ಮಿ ನೀನ ಕೂಗು" ಅಂದೆ.

ಅಂವ ಕೂಗಿದ. ಕಣ್ಣು ಮುಚ್ಚಿ ಕೇಳಿದೆ. ಹಲಿಗಿ ಸಪ್ಪಳ, ಕೆಂಪು ಮಣ್ಣಿನ ವಾಸನಿ, ಮಂದಿ ಹೋ ಅನ್ನೂದು, ಎಲ್ಲಾ ಬಂತು.

ಕಣ್ಣು ತೆರದಾಗ ನನ್ನ ಬಸ್ ಹೋಗಿತ್ತು. ಹೋಗ್ಲಿ ಬಿಡ್ರಿ. ನನ್ನ ದನಿ ಕೇಳಾಕ ಮಂದ್ಯಾಗ ಕುಂದರೂ ಪಾಳಿ ನನಗ ಅವತ್ತ ಬಂದಿತ್ತು.