ಜೋಡಿ ಟೈರಿನ ಹಟ

ಎಪ್ಪತ್ತರ ದಶಕದಲ್ಲಿ ನಾನು ಕಲಬುರಗಿಯಿಂದ ಬಂದು ನಾಸಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ. ನನ್ನ ಮೋಟರ್‌ಸೈಕಲ್ಲಿನ ಹಿಂದಿನ ಟೈರು ಸವೆದು ಬೋಳಾಗಿತ್ತು. ಮುಂದಿನದರ ಮಾದರಿಯೇ ಹಿಂದಕ್ಕೂ ಬೇಕು, ಬೆರಕೆ ಹಾಕಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ ಎಂದು ಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಆ ಮಾದರಿ ನಾಸಿಕದಲ್ಲಿ ಸಿಗಲಿಲ್ಲ. ಹಟ ಹಿಡಿದು ಬೋಳು ಟೈರಿನಲ್ಲೇ ಓಡಾಡಿದೆ. ಅದೂ ಜಾರೀತು ಎಂಬುದು ಈ ಎಂಜಿನಿಯರನ ತಲೆಗೆ ಹೊಳೆಯಲಿಲ್ಲ.

ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಪಿಂಪಳಗಾಂವ್‌ಗೆ ಹೊರಟಾಗ ಟೈರು ಢಬ್ಬೆಂದು ಒಡೆಯಿತು. ಪುಣ್ಯಕ್ಕೆ ಬೀಳಲಿಲ್ಲ. ಉಳ್ಳಾಗಡ್ಡಿ ಟ್ರಕ್ಕಿನವನೊಬ್ಬ ಗಾಡಿಯನ್ನು ಮೂಟೆಗಳ ಮೇಲೆ ಹೇರಿಕೊಂಡು ನಮ್ಮನ್ನು ಪಿಂಪಳಗಾಂವ್ ಮುಟ್ಟಿಸಿದ. ಅಲ್ಲಿಯ ಅಂಗಡಿಯಲ್ಲಿದ್ದದ್ದು ಬೇರೆ ಮಾದರಿಯ ಟೈರು. ಬಾಯಿ ಮುಚ್ಚಿಕೊಂಡು ಹಾಕಿಸಿಕೊಂಡೆ.

ಮರಳಿ ಹೊರಟ ಸ್ವಲ್ಪ ಹೊತ್ತಿಗೆ ಹೆಂಡತಿ ಕೇಳಿದಳು, “ಏನರ ಫರಕ್ ಅನಸ್ತದೇನ್ರಿ?”

“ತಿರುವಿನ್ಯಾಗ ಒಂದೀಟು ಎಳೀತದ,” ಎಂದೆ ಗಂಭೀರವಾಗಿ.

“ಇನ್ನೂ ಒಂದೂ ತಿರುವು ಬಂದಿಲ್ಲಲ್ರಿ!”

ಅವಳು ನಕ್ಕ ರಭಸಕ್ಕೆ ಗಾಡಿ ಓಲಾಡಿತು. ನನಗೂ ನಗು ತಡೆಯಲಾಗಲಿಲ್ಲ. ಆ ಬೆರಕೆ ಜೋಡಿಯ ಮೇಲೆಯೇ ಮುಂದೆ ಯೇವಲಾಕ್ಕೆ ಸೀರೆ ನೋಡಲು, ಔರಂಗಾಬಾದಿಗೆ ನೆಂಟರ ಮದುವೆಗೆ ಹಾಯಾಗಿ ಹೋಗಿಬಂದೆವು.