ಲೂನಾ ತಳ್ಳಿಕೊಂಡು ಬಂದ ಕಾಕಾ

ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದಾಗ ನಾನು ಹಳಿಯಾಳಕ್ಕೆ ವರ್ಗವಾಗಿ ಬಂದು ವಾರವಾಗಿತ್ತಷ್ಟೆ. ಮರುದಿನ ಬೆಳಿಗ್ಗೆ ಗೊಣಗುತ್ತಲೇ ಸಾಂಬ್ರಾಣಿ ರಸ್ತೆ ಹಿಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ, ಪೇಟೆಗೆ ಹಾಲು ಹಾಕಿ ಮರಳುತ್ತಿದ್ದ ಹಿರಿಯ ರೈತರೊಬ್ಬರು ಲೂನಾ ನಿಲ್ಲಿಸಿದರು.

"ಹತ್ರೀ ಸರ, ಬಿಡ್ತೇನಿ."

"ಬ್ಯಾಡ್ರಿ ಕಾಕಾ, ಸುಮ್ನ ನಡ್ಯಾಕ ಬಂದೇನಿ."

"ಸುಮ್ನ ಯಾರರ ನಡೀತಾರೇನ್ರಿ? ಸಂಕೋಚ ಮಾಡಬ್ಯಾಡ್ರಿ."

ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿದೆ. ಕಾಕಾ ಇಂಜಿನ್ ಆರಿಸಿ ಇಳಿದೇಬಿಟ್ಟರು.

"ನಿಮ್ಮನ್ನ ದಾರ್ಯಾಗ ಬಿಟ್ಟು ನಾ ಗಾಡಿ ಮ್ಯಾಲೆ ಹ್ವಾದ್ರ, ನೋಡಿದ ಮಂದಿ ಏನ್ ಅಂದಾರು?"

ಲೂನಾ ತಳ್ಳುತ್ತ ಜೊತೆಗೇ ನಡೆದರು. ಖಾಲಿ ಕ್ಯಾನುಗಳ ಸದ್ದಿನ ನಡುವೆ ಎಮ್ಮೆಯ ಹಟ, ಭತ್ತದ ಗದ್ದೆಗೆ ನುಗ್ಗಿದ ಹಂದಿ, ಹೊಸ ಅಳಿಯನ ಗತ್ತು ಎಲ್ಲ ಅವರ ಮಾತಿನಲ್ಲಿ ಬಂದವು. ಏರಿನಲ್ಲಿ ನಾನೂ ಹಿಂದಿನಿಂದ ಕೈಹಚ್ಚಿದೆ. ಅವರ ಊರು ಕಂಡಾಗಲೇ ಅಷ್ಟು ದೂರ ನಡೆದದ್ದು ಗೊತ್ತಾಯಿತು. ಗೆಳೆಯರ ಜೊತೆ ಶಾಲೆಗೆ ನಡೆಯುತ್ತಿದ್ದಾಗಿನ ಖುಷಿ ಎಷ್ಟೋ ವರ್ಷಗಳ ಮೇಲೆ ನನ್ನ ಕಾಲಿಗೆ ಮರಳಿ ಬಂದಿತ್ತು.

ಮರುದಿನ ಲೂನಾ ಸದ್ದು ಕೇಳಿದೊಡನೆ ನಾನೇ ಕೈ ಅಡ್ಡ ಮಾಡಿದೆ.

"ಇಳೀರಿ ಕಾಕಾ, ಹೋಗೂಣು."

ಪಾಪ, ಅವರಿಗೆ ಯಾವ ಡಾಕ್ಟರೂ ನಡೆಯಲು ಹೇಳಿರಲಿಲ್ಲ.