ಮುದ್ದೆಯ ಮುಂದೆ ಭೂಗೋಳದ ಮೇಷ್ಟ್ರು

ಕಳೆದ ಭಾನುವಾರ ನನಗೊಂದು ಪರೀಕ್ಷೆ ಇತ್ತು. ಪರೀಕ್ಷಾ ಕೇಂದ್ರ ಟಿ. ನರಸೀಪುರ. ಪರೀಕ್ಷಕಿ ನನ್ನ ಹೆಂಡತಿ ವಿಜಯ. ಪಾಸಾದರೆ ವಿಯೆಟ್ನಾಂ. ಫೇಲಾದರೆ ನಂಜನಗೂಡಿನ ಮನೆಯಲ್ಲಿ ಹತ್ತು ದಿನ ಒಬ್ಬನೇ, ನಾನು ಮಾಡಿದ್ದನ್ನು ನಾನೇ ತಿಂದುಕೊಂಡು.

ವಿಷಯ ಇಷ್ಟೇ. ವಿಜಯಳ ಆಫೀಸಿನ ಗೆಳತಿಯರೆಲ್ಲ ಸೇರಿ ಗ್ರೂಪ್ ಟೂರ್ ಹೊರಟಿದ್ದಾರೆ. ಉಳಿದಿದ್ದು ಎರಡೇ ಸೀಟು. ಸೋಮವಾರದೊಳಗೆ ಹೆಸರು ಕೊಡಬೇಕು.

"ನಾನಂತೂ ಹೋಗ್ತೀನಿ. ನಿಮ್ಮನ್ನ ಕರ್ಕೊಂಡು ಹೋಗೋದಾ ಬೇಡ್ವಾ ಅಂತ ಯೋಚಿಸ್ತಿದೀನಿ" ಎಂದಳು. ನಾನೇನು ಕೊಡೆಯೇ?

ಅವಳ ಅನುಮಾನಕ್ಕೆ ಕಾರಣವಿದೆ. (ನ್ಯಾಯವಾಗಿಯೇ ಬರೆಯುತ್ತೇನೆ. ಈ ಅಂಕಣವನ್ನು ಮೊದಲು ಓದುವವಳು ಅವಳು.) ಜೈಪುರಕ್ಕೆ ಹೋದಾಗ ನಾನು ಸ್ವೆಟರಿನೊಳಗೆ ಸುತ್ತಿ ಒಂದು ಎಲೆಕ್ಟ್ರಿಕ್ ಕುಕ್ಕರ್ ಒಯ್ದಿದ್ದೆ. ಜೊತೆಗೆ ಎರಡು ಕೆ.ಜಿ. ಸೋನಾಮಸೂರಿ, ಸಾರಿನಪುಡಿ, ಹುಣಿಸೆಹಣ್ಣು. ಹೋಟೆಲ್ ರೂಮಿನಲ್ಲಿ ಅಕ್ಕಿ ತೊಳೆದಿಟ್ಟು ಪ್ಲಗ್ ಹಾಕಿದೆ. ಇಡೀ ಫ್ಲೋರಿನ ಕರೆಂಟು ಹೋಯಿತು. ಅರ್ಧ ಸ್ನಾನದಲ್ಲಿದ್ದವರು ಟವೆಲ್ ಸುತ್ತಿಕೊಂಡು ಕಾರಿಡಾರಿಗೆ ಬಂದರು. ವಿಜಯಳೂ ಅವರ ನಡುವೆ ನಿಂತು, ಯಾರೋ ಏನೋ ಎಂಬಂತೆ ನಮ್ಮ ರೂಮಿನ ಕಡೆಗೇ ನೋಡುತ್ತಿದ್ದಳು. ನಾನು ಒಳಗೆ ಕುಕ್ಕರ್ ತಬ್ಬಿಕೊಂಡು ಕುಳಿತಿದ್ದೆ.

ಹಾಗಂತ ಲೋಕದ ಬಗ್ಗೆ ನನಗೆ ಕುತೂಹಲ ಇಲ್ಲವೇ? ಬೇಕಾದಷ್ಟಿದೆ. ದಿನಾ ಸಂಜೆ ಯೂಟ್ಯೂಬಿನಲ್ಲಿ ಒಂದು ದೇಶ ಮುಗಿಸುತ್ತೇನೆ. ಹನೋಯಿಯಲ್ಲಿ ಸ್ಕೂಟರುಗಳ ನಡುವೆ ರಸ್ತೆ ದಾಟುವ ಬಗೆ ಗೊತ್ತು. ಅವರ ನೂಡಲ್ಸ್ ತಿನ್ನಬೇಕಲ್ಲ ಎಂದು ಎರಡು ಪೆನ್ಸಿಲ್ ಹಿಡಿದು ಕಡ್ಲೆಪುರಿ ಎತ್ತುವ ಅಭ್ಯಾಸವನ್ನೂ ಮಾಡಿದೆ. ಹತ್ತನೇ ದಿನ ಒಂದು ಕಡ್ಲೆಪುರಿ ಬಾಯಿ ತಲುಪಿತು.

ವಿಜಯ ಇದನ್ನೆಲ್ಲ ನೋಡಿ ಪರೀಕ್ಷೆಯ ನಿಯಮ ಹೇಳಿದಳು. "ಗೊತ್ತಿಲ್ಲದ ಕಡೆ ಊಟ ಮಾಡಬೇಕು. ಡಬ್ಬಿ ಇಲ್ಲ, ಫ್ಲಾಸ್ಕ್ ಇಲ್ಲ. ಇದರಲ್ಲಿ ಏನು ಹಾಕಿದ್ದೀರಿ, ಯಾವ ಎಣ್ಣೆ, ಯಾವಾಗ ಮಾಡಿದ್ದು ಅಂತ ಕೇಳಿದ್ರೆ ಅಲ್ಲಿಗೇ ಫೇಲ್."

ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಜೇಬಿನಲ್ಲಿದ್ದ ಹೊಟ್ಟೆನೋವಿನ ಮಾತ್ರೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಮ್ಮೂರ ಕಪಿಲೆ ದಿನವೂ ಇದೇ ನರಸೀಪುರಕ್ಕೆ ಬಂದು ಕಾವೇರಿಯನ್ನು ಸೇರುತ್ತಾಳೆ. ಒಂದು ದಿನವೂ ಮಾತ್ರೆ ಕಟ್ಟಿಕೊಂಡು ಹೊರಟಿದ್ದಿಲ್ಲ.

ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಸ್. ನಾಲ್ಕು ಬೆಂಚು. ತಟ್ಟೆ ಬಂತು. ಹಬೆಯಾಡುವ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ತುಂಡು ಈರುಳ್ಳಿ. ಏನೂ ಕೇಳದೆ ಒಂದು ತುತ್ತು ಮುರಿದು ಬಾಯಿಗಿಟ್ಟೆ. ಅಗಿದೆ. ಮೂವತ್ತೆರಡು ಸಲ, ಆರೋಗ್ಯದ ಪಾಠದಲ್ಲಿ ಹೇಳುವ ಹಾಗೆ. ಮುದ್ದೆ ಮೇಲಿನ ದವಡೆಗೂ ಕೆಳಗಿನ ದವಡೆಗೂ ಅಂಟಿಕೊಂಡಿತು. ಬಾಯಿ ತೆರೆಯಲಾಗಲಿಲ್ಲ.

ಎದುರಿಗೆ ಕೂತಿದ್ದ ಯಜಮಾನರೊಬ್ಬರು ನೋಡಿದರು. ಹೆಗಲ ಮೇಲೆ ಟವೆಲ್, ಮುಡುಕುತೊರೆ ಕಡೆಯ ರೈತರು.

"ಅಯ್ಯೋ, ಅಗೀಬ್ಯಾಡಿ ಸಾ! ಅದೇನ್ ಕಡ್ಲೆಕಾಯಾ? ಸಾರ್‌ನಾಗೆ ಅದ್ದಿ, ಗುಳುಂ ಅನ್ಸಿ. ಅಂಗೇ ಒಳೀಕ್ ಓಯ್ತದೆ."

ಹಾಗೇ ಮಾಡಿದೆ. ಹೋಯಿತು!

"ಯಾವೂರಾಯ್ತು ಸಾ?"

"ನಂಜನಗೂಡು."

"ನಂಜನಗೂಡಾ!" ಅವರು ಊಟ ನಿಲ್ಲಿಸಿದರು. "ನಾನೆಲ್ಲೋ ಫಾರಿನ್ನೋರು ಕನ್ನಡ ಕಲ್ತ್ಕೊಂಡ್ ಬಂದವ್ರೆ ಅಂದ್ಕಂಡೆ ಕಣ್ರೀ."

ವಿಜಯ ನಗು ತಡೆಯಲು ಮಜ್ಜಿಗೆ ಕುಡಿದಳು.

ನಮ್ಮದು ಅನ್ನದ ಮನೆ. ಮುದ್ದೆ ಬೇಯುತ್ತಿದ್ದದ್ದು ಪಕ್ಕದ ಬೀದಿಯಲ್ಲಿ. ನಾನು ಪಾಠ ಮಾಡುವ ಹೈಸ್ಕೂಲಿನ ಎಷ್ಟೋ ಮಕ್ಕಳು ಅದನ್ನೇ ಉಂಡು ಬರುತ್ತಾರೆ. ಐವತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಉಂಡಿರಲಿಲ್ಲ. ಯಾರೂ ಕರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕರೆದಾಗಲೆಲ್ಲ ನನಗೆ ಹೊಟ್ಟೆ ಸರಿಯಿರುತ್ತಿರಲಿಲ್ಲ.

ಮಾತು ಬೆಳೆಯಿತು. ವಿಯೆಟ್ನಾಂ ವಿಷಯವನ್ನು ವಿಜಯಳೇ ಹೇಳಿದಳು. "ಊಟಕ್ಕೆ ಹೆದರ್ತಾರೆ ಇವ್ರು. ಅದಕ್ಕೇ ಇಲ್ಲಿ ಟ್ರಯಲ್."

"ಅಲ್ಲಿ ಏನ್ ಉಣ್ತಾರೆ ಸಾ?"

"ಅನ್ನವೇ ಹೆಚ್ಚು."

"ಅನ್ನ ಉಣ್ಣೋರ ಊರಿಗ್ ಓಗಕ್ಕೆ ಎದ್ರಿಕೆನಾ?" ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮುದ್ದೆ ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಗ್ಗಿದರು. "ಅಂಗಾರೆ ಭತ್ತ ಬೆಳೀತಾರೆ ಅನ್ನಿ. ನಾಟಿ ಯಾವಾಗ ಸಾ? ನೀರು ನಾಲೆದಾ, ಬೋರ್‌ದಾ? ಕಳೆ ಯಾರ್ ಕೀಳ್ತಾರೆ, ಆಳು ಸಿಕ್ತಾರಾ? ಪೈರು ಎಷ್ಟುದ್ದ ಬತ್ತದೆ?"

ನನಗೆ ಗೊತ್ತಿದ್ದದ್ದನ್ನೆಲ್ಲ ಒಳಗೇ ಹುಡುಕಿದೆ. ನಾವಿಳಿಯುವ ಹೋಟೆಲಿನಿಂದ ಆಸ್ಪತ್ರೆ ಎಷ್ಟು ದೂರ ಎಂದು ಗೊತ್ತು. ಬಾಟಲ್ ನೀರಿನ ಸೀಲು ನೋಡುವ ವಿಧಾನ ಗೊತ್ತು. ವಾಂತಿ, ಭೇದಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ ಎಂಬುದೂ ಗೊತ್ತು (ಉಚ್ಚಾರಣೆ ಸಮೇತ). ನಾಟಿ?

"ಗೊತ್ತಿಲ್ಲ" ಎಂದೆ.

"ಇವ್ರು ಸಮಾಜದ ಮೇಷ್ಟ್ರು. ಭೂಗೋಳ ಅಂದ್ರೆ ಪ್ರಾಣ" ಎಂದಳು ವಿಜಯ. ಇಂಥ ಮಾಹಿತಿ ಕೊಡಲು ಇವಳಿಗೆ ಅದೆಲ್ಲಿಂದ ಟೈಮಿಂಗ್ ಬರುತ್ತದೋ!

ಯಜಮಾನರು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. "ಪರ್ವಾಗಿಲ್ಲ ಬುಡಿ ಮೇಷ್ಟ್ರೇ. ಓಗಿ ನೋಡ್ಕಂಡ್ ಬನ್ನಿ. ಸಂತೆ ದಿನ ನಾನಿಲ್ಲೇ ಉಣ್ಣೋದು. ಬಂದ್ ಮ್ಯಾಕೆ ವಸಿ ಏಳ್ಬುಟ್ಟು ಓಗಿ" ಎಂದು ಕೈ ತೊಳೆಯಲು ಎದ್ದರು.

ವಾಪಸು ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ನಾನೇ ಕೇಳಿದೆ. "ರಿಸಲ್ಟ್?"

"ಊಟಕ್ಕೆ ಪಾಸ್. ಭೂಗೋಳಕ್ಕೆ ಫೇಲ್."

"ಹಾಗಾದರೆ ಸೀಟು?"

"ನಿಜ ಹೇಳ್ಲಾ? ಅದನ್ನ ಆ ಯಜಮಾನ್ರಿಗೇ ಕೊಡೋಣ ಅನ್ನಿಸ್ತು. ಅವರ ಹತ್ರ ಪಾಸ್‌ಪೋರ್ಟ್ ಇರಲ್ಲ, ನಿಮ್ಮ ಹತ್ರ ಇದೆ. ಇರೋ ವ್ಯತ್ಯಾಸ ಅಷ್ಟೇ" ಎಂದಳು. ಆಮೇಲೆ ಟಿಕೆಟ್ಟನ್ನು ಪರ್ಸಿಗೆ ಹಾಕಿಕೊಂಡು, "ಬನ್ನಿ. ಆದ್ರೆ ಅಲ್ಲಿ ಗದ್ದೆ ಕಂಡ ಕಡೆ ಟೂರ್ ಬಸ್ಸಿಂದ ಇಳಿದು ಕೇಳ್ಬೇಕು. ಕೇಳ್ದೆ ವಾಪಸ್ ಬಂದ್ರೆ ಆ ಮೆಸ್ಸಿಗೆ ನೀವೊಬ್ರೇ ಹೋಗಿ ಮುಖ ತೋರಿಸಿ" ಎಂದಳು.

ಸೋಮವಾರ ಎರಡು ಹೆಸರು ಹೋಗಿವೆ. ಆದರೆ 'ಭತ್ತ ಬೆಳೆಯುವ ದೇಶಗಳನ್ನು ನಕ್ಷೆಯಲ್ಲಿ ಗುರುತಿಸಿ' ಎಂದು ವರ್ಷವರ್ಷವೂ ಮಕ್ಕಳ ಅಂಕ ಕಿತ್ತುಕೊಂಡ ನಾನು, ನಕ್ಷೆಯ ಆ ಹಸಿರು ಬಣ್ಣದೊಳಗೆ ಯಾರಾದರೂ ಕೆಸರಿಗಿಳಿದು ನಿಂತಿರುತ್ತಾರೆ ಎಂದು ಒಮ್ಮೆಯಾದರೂ ಯೋಚಿಸಿದ್ದೆನೇ?